ಕಚೇರಿಯ ಮೀಟರ್ ಓದುವವರು ಯಾರು?

ಹುಕ್ಕೇರಿ ತಾಲ್ಲೂಕಿನ ದಡ್ಡಿಯಲ್ಲಿ ಘಟಪ್ರಭೆಗೆ ಲೆಕ್ಕವಿದೆ. ಮಹಾರಾಷ್ಟ್ರದ ಕಡೆಯಿಂದ ಇಳಿದು ಬರುವ ಹೊಳೆ ಹಿಡಕಲ್ ಜಲಾಶಯ ಸೇರುವ ಮುನ್ನ ಅದರ ನೀರಿನ ಮಟ್ಟ ಇಲ್ಲಿ, ಕೇಂದ್ರ ಜಲ ಆಯೋಗದ ಮಾಪನ ಕೇಂದ್ರದಲ್ಲಿ ದಾಖಲಾಗುತ್ತದೆ. ಮಳೆಗಾಲದಲ್ಲಿ ಆ ಅಂಕಿಗೆ ಬಹಳ ಬೆಲೆ. ಮೇಲಿನಿಂದ ಎಷ್ಟು ನೀರು ಬರುತ್ತಿದೆ ಎಂದು ತಿಳಿದರೆ ತಾನೇ 51 ಟಿಎಂಸಿ ಅಡಿಯ ಈ ಹಿಡಕಲ್ (ರಾಜಾ ಲಖಮಗೌಡ) ಜಲಾಶಯದಿಂದ ಎಷ್ಟು ಬಿಡಬೇಕು, ಕೆಳಗಿನ ಗೋಕಾಕದವರಿಗೆ ಯಾವಾಗ ಎಚ್ಚರಿಕೆ ಕೊಡಬೇಕು ಎಂದು ತೀರ್ಮಾನಿಸಲು ಸಾಧ್ಯ. 2019ರ ಆಗಸ್ಟ್‌ನಲ್ಲಿ ಗೋಕಾಕದ ಓಣಿಗಳಿಗೆ ಹೊಳೆ ನುಗ್ಗಿದ್ದನ್ನು ಕಂಡವರಿಗೆ ಈ ಅಳತೆ ಯಾಕೆ ಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹೊಳೆಯನ್ನು ಹೀಗೆ ಅಳೆಯುವ ಇದೇ ಸೀಮೆಯ ಯಾವುದಾದರೂ ಕಚೇರಿಗೆ ಹೋಗಿ, ಅದು ಪಂಚಾಯತಿಯಿರಲಿ, ಬ್ಯಾಂಕಿರಲಿ, ಪತ್ತಿನ ಸೊಸೈಟಿಯಿರಲಿ, ಹೋದ ತಿಂಗಳು ಎಷ್ಟು ಯೂನಿಟ್ ಕರೆಂಟು ಖರ್ಚಾಯಿತು ಎಂದು ಕೇಳಿ. ಬಿಲ್ಲು ಎಲ್ಲೋ ಒಂದು ಫೈಲಿನಲ್ಲಿರುತ್ತದೆ. ಹಣ ಕಟ್ಟುವ ಗುಮಾಸ್ತರು ಮೊತ್ತ ನೋಡಿರುತ್ತಾರೆ, ಯೂನಿಟ್ ನೋಡಿರುವುದಿಲ್ಲ. ಮನೆಯ ಬಿಲ್ಲು ನೂರು ರೂಪಾಯಿ ಏರಿದರೆ ಅಂದೇ ಫ್ರಿಜ್ಜಿನ ಮೇಲೆ ಸಂಶಯಪಡುವ ನಾವೇ ಕಚೇರಿಯ ಮೀಟರಿನ ಮುಂದೆ ವರ್ಷಗಟ್ಟಲೆ ಓಡಾಡುತ್ತೇವೆ, ಕಣ್ಣೆತ್ತಿ ನೋಡುವುದಿಲ್ಲ. ಕಚೇರಿಗಳನ್ನು ಪರಿಸರಕ್ಕೆ ಹಿತವಾಗಿಸುವ ಮಾತು ಈಗ ಎಲ್ಲೆಡೆ ಕೇಳಿಸುತ್ತದೆ. ಪರಿಸರ ದಿನವಾದ ಜೂನ್ 5ಕ್ಕೆ ಸಸಿ ನೆಡುವುದನ್ನು ನಾನು ಹಳಿಯುವುದಿಲ್ಲ, ನೆಡಲೇಬೇಕು. ಆದರೆ ಕೆಲಸ ಶುರುವಾಗಬೇಕಾದದ್ದು ಮೀಟರಿನಿಂದ.

ಈ ಮಾತನ್ನು ಹುಕ್ಕೇರಿಯಲ್ಲಿ ಹೇಳುವುದಕ್ಕೆ ಕಾರಣವಿದೆ. ಇಲ್ಲಿ ಮನೆಗಳಿಗೆ ಕರೆಂಟು ಕೊಡುವುದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ಹುಟ್ಟಿದ ಈ ಸಂಘ ದೇಶದಲ್ಲಿ ಪ್ರಯೋಗಕ್ಕೆಂದು ಕಟ್ಟಿದ ಮೊದಲ ಐದು ವಿದ್ಯುತ್ ಸಹಕಾರಿಗಳಲ್ಲಿ ಒಂದು. ಆಗಿನ ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ ಉಳಿದ ನಾಲ್ಕು. ಕರ್ನಾಟಕದಲ್ಲಿ ಇಂಥದ್ದು ಇದೊಂದೇ. ಹೆಸ್ಕಾಂನಿಂದ ಸಗಟಾಗಿ ವಿದ್ಯುತ್ ಕೊಂಡು ಹಳ್ಳಿಗಳಿಗೆ ಹಂಚುವ ಈ ಸಂಘದಲ್ಲಿ ರೈತರೇ ಷೇರುದಾರರು. ಆಡಳಿತ ಮಂಡಳಿಯ ಚುನಾವಣೆ ಬಂತೆಂದರೆ ತಾಲ್ಲೂಕೇ ಕಾವೇರುತ್ತದೆ. ಘಟಪ್ರಭೆಯ ಕೆಳಹರಿವಿನಲ್ಲಿ ಗೋಕಾಕದ ಮಿಲ್ಲಿನ ಯಂತ್ರಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಜಲಪಾತದ ನೀರಿನಿಂದ ತಿರುಗಿಸಿದ್ದರು. ಶಕ್ತಿ ಎಲ್ಲಿಂದ ಬರುತ್ತದೆ, ಯಾರದ್ದು ಎಂಬುದು ಇಲ್ಲಿಯ ಜನಕ್ಕೆ ಹೊಸ ಪ್ರಶ್ನೆಯಲ್ಲ. ತಂತಿಯ ಒಡೆತನ ತಮ್ಮದೆಂದು ತಿಳಿದ ಜನ ಕಚೇರಿಯೊಳಗೆ ಆ ತಂತಿಯಲ್ಲಿ ಹರಿಯುವುದರ ಲೆಕ್ಕವನ್ನೂ ಕೇಳಬೇಕು ಎಂಬುದು ನನ್ನ ವಾದ.

ಲೆಕ್ಕ ಕಷ್ಟದ್ದೇನಲ್ಲ. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನ ಆಸುಪಾಸು. ಹತ್ತು ಫ್ಯಾನಿರುವ ಕಚೇರಿ ದಿನಕ್ಕೆ ಎಂಟು ತಾಸಿನಂತೆ ವರ್ಷದಲ್ಲಿ 250 ದಿನ ನಡೆದರೆ ಹಳೆಯವಕ್ಕೆ 1500 ಯೂನಿಟ್, ಹೊಸವಕ್ಕೆ 600. ಉಳಿತಾಯ 900 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಹೆಚ್ಚುಕಡಿಮೆ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅಂದರೆ ವರ್ಷಕ್ಕೆ 630 ಕಿಲೋ ಕಡಿಮೆ. ಫ್ಯಾನು ಸುಟ್ಟಾಗ ವೈಂಡಿಂಗ್ ಮಾಡಿಸಲು ಕೊಡುವ ಬದಲು ಹೊಸದನ್ನು ಹಾಕುತ್ತ ಹೋದರೂ ಸಾಕು, ಕೆಲವು ವರ್ಷಗಳಲ್ಲಿ ಇಡೀ ಕಚೇರಿ ಬದಲಾಗುತ್ತದೆ. ಆರ್‌ಸಿಸಿ ತಾರಸಿಗೆ ಬೇಸಿಗೆಯ ಮುನ್ನ ಬಿಳಿ ಸುಣ್ಣ ಬಳಿಸಿದರೆ ಒಳಗಿನ ಕಾವು ಇಳಿದು, ಆ ಫ್ಯಾನನ್ನೂ ಸಣ್ಣಗೆ ಇಡಬಹುದು.

ಕಟ್ಟುವಾಗಲೇ ಯೋಚಿಸಿದರೆ ಇನ್ನೂ ದೂರ ಹೋಗಬಹುದು ಎಂಬುದಕ್ಕೆ ಬೆಂಗಳೂರಿನ ದೊಮ್ಮಲೂರಿನಲ್ಲಿ ಒಂದು ಕಟ್ಟಡವಿದೆ. ವಾಸ್ತುಶಿಲ್ಪಿ ಸಂಜಯ ಮೋಹೆ ವಿನ್ಯಾಸ ಮಾಡಿದ, ಇಂಧನ ಮತ್ತು ಪರಿಸರ ಸಂಶೋಧನೆಯ ‘ಟೆರಿ’ ಸಂಸ್ಥೆಯ ಕಚೇರಿ ಅದು. ಸಿಕ್ಕ ನಿವೇಶನದ ದಕ್ಷಿಣಕ್ಕೆ ಕೊಳಚೆ ನಾಲೆ. ಅಲ್ಲಿಂದ ಬೀಸುವ ಗಾಳಿ ನಾತದ್ದು, ಕಿಟಕಿ ತೆಗೆಯುವ ಹಾಗಿಲ್ಲ. ಬೇರೆಯವರಾದರೆ ನಾಲ್ಕೂ ಕಡೆ ಗಾಜು ಮುಚ್ಚಿ ಎಸಿ ಹಾಕುತ್ತಿದ್ದರು. ಮೋಹೆ ಅವರು ದಕ್ಷಿಣದ ಗೋಡೆಯನ್ನು ಎರಡು ಪದರ ಮಾಡಿ ಹೊರಮೈಗೆ ಕರಿಯ ಕಡಪಾ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾದಾಗ ನಡುವಿನ ಸಂದಿಯ ಗಾಳಿ ಬಿಸಿಯಾಗಿ ಮೇಲೇರಿ ಹೊರಬೀಳುತ್ತದೆ. ಆ ಜಾಗ ತುಂಬಲು ಉತ್ತರದ ಕಡೆಯಿಂದ ತಣ್ಣನೆಯ ಗಾಳಿ ಕಚೇರಿಯನ್ನು ಹಾದು ಬರುತ್ತದೆ. ಹೊರಗೆ ಬಿಸಿಲು ಹೆಚ್ಚಿದಷ್ಟೂ ಒಳಗೆ ಗಾಳಿಯಾಟ ಹೆಚ್ಚು! ಕರಿಯ ಕಲ್ಲಿಗೆ, ಬಿಸಿಲಿಗೆ ಬರವಿಲ್ಲದ ಬೆಳಗಾವಿ ಜಿಲ್ಲೆಯಲ್ಲಿ ಹೊಸ ಕಚೇರಿ ಕಟ್ಟಡದ ನಕ್ಷೆ ಬರೆಯುವ ಎಂಜಿನಿಯರುಗಳು ಒಮ್ಮೆ ಹೋಗಿ ಆ ಗೋಡೆ ಮುಟ್ಟಿ ನೋಡಿ ಬರಬೇಕೆಂದು ನನ್ನ ಕೋರಿಕೆ.

ಇನ್ಫೊಸಿಸ್ ಮಾಡಿದ ಒಂದು ಕೆಲಸವನ್ನೂ ಇಲ್ಲಿ ನೆನೆಯಬೇಕು. ಹೈದರಾಬಾದಿನ ಪೋಚಾರಂ ಆವರಣದಲ್ಲಿ 2011ರಲ್ಲಿ ತೆರೆದ ಕಟ್ಟಡದ ಅರ್ಧಕ್ಕೆ ಮಾಮೂಲಿ ಎಸಿ ಹಾಕಿ, ಇನ್ನರ್ಧದಲ್ಲಿ ಚಾವಣಿಯ ಕಾಂಕ್ರೀಟಿನೊಳಗೆ ಕೊಳವೆ ಹೂತು ತಂಪು ನೀರು ಹರಿಸಿದರು. ಎರಡಕ್ಕೂ ಬೇರೆ ಬೇರೆ ಮೀಟರು. ನೀರಿನ ಭಾಗ ತಂಪು ಮಾಡಲು ಸುಮಾರು ಮೂರನೆಯ ಒಂದು ಪಾಲು ಕಡಿಮೆ ವಿದ್ಯುತ್ ಬಳಸಿತು. ನನ್ನನ್ನು ಸೆಳೆದದ್ದು ತಂತ್ರಜ್ಞಾನಕ್ಕಿಂತ ಆ ಎರಡು ಮೀಟರುಗಳು. ವಾದ ಮಾಡುತ್ತ ಕೂರದೆ ಅಳೆದು ನೋಡಿದರು.

ಕರೆಂಟಿನ ಲೆಕ್ಕ ಇಷ್ಟಾಯಿತು. ಆದರೆ ಪರಿಸರದ ಮೇಲಿನ ಕಚೇರಿಯ ಹೊರೆಯಲ್ಲಿ ದೊಡ್ಡ ಪಾಲು ಕಟ್ಟಡದ ಒಳಗೆ ಇಲ್ಲದೆಯೂ ಇರಬಹುದು. ದಡ್ಡಿಯಂಥ ಗಡಿಯಂಚಿನ ಊರಿನ ರೈತರೊಬ್ಬರು ಒಂದು ದಾಖಲೆಗಾಗಿ ದೂರದ ಕಚೇರಿಗೆ ಬೈಕಿನಲ್ಲಿ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಅಲ್ಲಿ ಹೋದರೆ, ‘ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ್ರೀ, ನಾಳೆ ಬರ್ರಿ.’ ಮರುದಿನ ಹೋದರೆ, ‘ಆಧಾರ್ ಝೆರಾಕ್ಸ್ ಇನ್ನೊಂದು ಬೇಕ್ರಿ.’ ಹೋಗಿಬರುವ ಹಾದಿ 50 ಕಿಲೋಮೀಟರ್ ಎಂದರೂ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲ್; ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ತಿಂಗಳಿಗೆ ನೂರು ಜನ ಹೀಗೆ ಬರಿಗೈಯಲ್ಲಿ ಮರಳಿದರೆ 230 ಕಿಲೋ. ಹತ್ತು ಫ್ಯಾನು ಬದಲಿಸಿ ವರ್ಷವಿಡೀ ಉಳಿಸಿದ್ದನ್ನು ಮೂರೇ ತಿಂಗಳಲ್ಲಿ ‘ನಾಳೆ ಬರ್ರಿ’ ನುಂಗಿ ಹಾಕುತ್ತದೆ. ಕೂಲಿ ಕಳೆದುಕೊಂಡ ದಿನಗಳ ಲೆಕ್ಕ ಬೇರೆ.

ಹಾಗಾಗಿ 2012ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ‘ಸಕಾಲ’ವನ್ನು ನಾನು ಪರಿಸರದ ಯೋಜನೆ ಎಂದೇ ಎಣಿಸುತ್ತೇನೆ. ಯಾವ ಅರ್ಜಿ ಎಷ್ಟು ದಿನದಲ್ಲಿ ವಿಲೇವಾರಿ ಆಗಬೇಕೆಂದು ಕಾನೂನಿನಲ್ಲಿ ಬರೆದಿಟ್ಟದ್ದು ಸಾವಿರಾರು ವ್ಯರ್ಥ ಪ್ರಯಾಣಗಳನ್ನು ತಪ್ಪಿಸುವ ಉಪಾಯವೂ ಹೌದು. ಪಹಣಿಯನ್ನು ಕಂಪ್ಯೂಟರಿಗೆ ತಂದ ‘ಭೂಮಿ’, ಪಂಚಾಯತಿಯಲ್ಲೇ ಸೇವೆ ಕೊಡಲೆಂದು ತೆರೆದ ಬಾಪೂಜಿ ಸೇವಾ ಕೇಂದ್ರ, ಎಲ್ಲವೂ ಇದೇ ದಾರಿಯವು. ಇವು ಊರಲ್ಲೇ ಚೆನ್ನಾಗಿ ನಡೆಯಬೇಕಾದರೆ ನೆಟ್‌ವರ್ಕ್ ಇರಬೇಕು, ಯುಪಿಎಸ್ ಬ್ಯಾಟರಿ ಜೀವಂತವಾಗಿರಬೇಕು. ‘ಸರ್ವರ್ ಡೌನ್’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಸತ್ತ ಬ್ಯಾಟರಿಯೂ ಇರುತ್ತದೆ. ಹಳೆಯ ಬ್ಯಾಟರಿಯಲ್ಲಿ ಸೀಸವಿದೆ, ಆಮ್ಲವಿದೆ. ಅದು ಮೂಲೆಯಲ್ಲಿ ಸೋರುತ್ತ ಬಿದ್ದಿರಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಮರಳಿ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಹೊಸದನ್ನು ತರುವಾಗ ಕಚೇರಿಯವರು ಹಳೆಯದನ್ನು ಕೊಟ್ಟು ರಸೀದಿ ಪಡೆಯಲಿ.

ಕಾಗದ, ಚಹಾ ಕಪ್ಪುಗಳ ವಿಷಯ ಎಲ್ಲರಿಗೂ ಗೊತ್ತಿರುವಂಥದ್ದು, ಬೇಗ ಮುಗಿಸುತ್ತೇನೆ. ಐನೂರು ಹಾಳೆಯ ಒಂದು ರೀಮು ಎ4 ಕಾಗದ ಎರಡೂಕಾಲು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಇ-ಆಫೀಸಿನಲ್ಲಿ ಕಡತ ಕಳಿಸಿ, ಮತ್ತೆ ‘ಇರಲಿ’ ಎಂದು ಪ್ರಿಂಟ್ ತೆಗೆದಿಡುವ ಚಾಳಿ ಹೋಗದಿದ್ದರೆ ಎರಡೂ ಖರ್ಚು. ಪೇಪರ್ ಕಪ್ಪಿನ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ, ಅದನ್ನು ಕಾಗದವೆಂದು ತಿಪ್ಪೆಗೆ ಹಾಕಿದರೆ ಕರಗುವುದಿಲ್ಲ. ಸರ್ಕಾರಿ ಸಭೆಗಳಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡವೆಂದು 2025ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಗಳೇ ಸೂಚಿಸಿದ್ದಾರೆ. ಬಂದವರಿಗೆಲ್ಲ ಮೊದಲು ತಂಬಿಗೆ ನೀರು ಕೊಡುವ ನಮ್ಮ ಕಡೆಯವರಿಗೆ ಸ್ಟೀಲ್ ಲೋಟ ಜೋಡಿಸಿಡುವುದು ಭಾರವಾಗಬಾರದು.

ಸೋಲಾರ್ ಬಗ್ಗೆ ಉತ್ಸಾಹದ ಜೊತೆ ಒಂದು ಎಚ್ಚರವೂ ಬೇಕು. ತಾರಸಿಯ ಮೇಲಿನ ಒಂದು ಕಿಲೋವ್ಯಾಟ್ ಫಲಕ ಸರಾಸರಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟ್ ಹಾಕಿದರೆ ಚಿಕ್ಕ ಕಚೇರಿಯ ಹಗಲಿನ ಕೆಲಸಕ್ಕೆ ಸಾಕು. ಆದರೆ ದಡ್ಡಿಯ ಸುತ್ತ ಘಟ್ಟದ ಮಳೆ ಹಿಡಿದರೆ ಸೂರ್ಯನ ದರ್ಶನವೇ ಅಪರೂಪ, ಜುಲೈ ಅಂಕಿಗೂ ಮಾರ್ಚ್ ಅಂಕಿಗೂ ಬಹಳ ಅಂತರ. ಬೇಸಿಗೆಯಲ್ಲಿ ಫಲಕದ ಮೇಲೆ ಕೂರುವ ಕೆಂಪು ಧೂಳನ್ನು ಒರೆಸುವವರೂ ಬೇಕು. ಮೊದಲು ಬಳಕೆ ಇಳಿಸಿ, ಆಮೇಲೆ ಉಳಿದಷ್ಟಕ್ಕೆ ಫಲಕ ಹಾಕಿಸಿದರೆ ದುಡ್ಡೂ ಉಳಿಯುತ್ತದೆ.

ಇನ್ನು ಪಂಚಾಯತಿಯ ಮಾತು. ಅಲ್ಲಿ ಕಚೇರಿಯ ಫ್ಯಾನು ದೀಪಕ್ಕಿಂತ ಹೆಚ್ಚು ವಿದ್ಯುತ್ ಹೋಗುವುದು ಕುಡಿಯುವ ನೀರಿನ ಪಂಪಿಗೆ, ಬೀದಿದೀಪಕ್ಕೆ. ಹಗಲು ಹನ್ನೆರಡಕ್ಕೂ ಉರಿಯುವ ಬೀದಿದೀಪ, ತುಂಬಿ ಹರಿದರೂ ಆಫ್ ಆಗದ ಟ್ಯಾಂಕಿನ ಮೋಟಾರು ನೋಡದ ಊರಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ಎದ್ದು ನಿಂತು, ಪ್ರತಿ ಆರ್‌ಆರ್ ನಂಬರಿಗೂ (ಅಂದರೆ ಪ್ರತಿ ವಿದ್ಯುತ್ ಸಂಪರ್ಕಕ್ಕೂ) ಹೋದ ವರ್ಷ ಎಷ್ಟು ಯೂನಿಟ್, ಈ ವರ್ಷ ಎಷ್ಟು ಎಂದು ಓದಿ ಹೇಳಿರಿ ಎಂದು ಯಾವ ಮತದಾರರೂ ಕೇಳಬಹುದು. ಆ ಅಂಕಿಗಳನ್ನು ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಲು ಒಂದೇ ಹಾಳೆ ಸಾಕು.