ಆಟದ ಹಂಬಲವೂ ಒಂದೇ ಒಡಲಿನ ಗಣಕಯಂತ್ರವೂ

ಹಚ್ಚೊಳ್ಳಿಯ ಸೀಮೆಯಲ್ಲಿ ಭತ್ತದ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಮನೆಯ ಹುಡುಗರ ಬೇಡಿಕೆಯೊಂದು ಹಿರಿಯರ ಮುಂದೆ ಬರುವುದುಂಟು: ಓದಿಗೆಂದು ತಂದ ‘ಆಲ್-ಇನ್-ಒನ್’ ಗಣಕಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಸಬೇಕು, ಆಟಗಳು ತಡವರಿಸದೆ ಓಡಬೇಕು. ಹಣ ತೆರುವ ಮುನ್ನ ಆ ಯಂತ್ರದ ಒಳಗನ್ನು ಅರಿಯುವುದು ಒಳಿತೆಂದು ನಾವು ಭಾವಿಸುತ್ತೇವೆ.

ಈ ಬಗೆಯ ಯಂತ್ರದಲ್ಲಿ ತೆರೆಯ ಬೆನ್ನಿಗೇ ಸಕಲ ಅಂಗಗಳೂ ಅಡಕವಾಗಿವೆ. ಚಿತ್ರ ಮೂಡಿಸುವ ಚಿಪ್ಪು ಬಹುಪಾಲು ಪ್ರೊಸೆಸರಿನೊಳಗೇ ಇರುತ್ತದೆ, ಇಲ್ಲವೇ ಮದರ್‌ಬೋರ್ಡಿಗೆ ಬೆಸೆದಿರುತ್ತದೆ; ಕಿತ್ತು ಬೇರೊಂದನ್ನು ಇಡಲು ಬಾರದು. ಕೆಲವು ಹಳೆಯ ಮಾದರಿಗಳಲ್ಲಿ ಎಂಎಕ್ಸ್‌ಎಂ ಎಂಬ ಬಿಚ್ಚುವ ಹಲಗೆಯುಂಟು. ಅದಕ್ಕೆ ಹೊಂದುವ ಬಿಡಿಭಾಗ ದೊರೆಯುವುದೇ ದುರ್ಲಭ. ಮೇಲಾಗಿ, 2023ರಲ್ಲಿ ಬಂದ ಆರ್‌ಟಿಎಕ್ಸ್ 4060 ಎಂಬ ನಡುತರದ ಕಾರ್ಡೊಂದೇ 115 ವ್ಯಾಟ್ ಬೇಡುತ್ತದೆ. ಅನೇಕ ಯಂತ್ರಗಳ ಅಡಾಪ್ಟರಿನ ಒಟ್ಟು ಶಕ್ತಿಯೇ ಅದರ ಆಸುಪಾಸಿನದು. ಅಷ್ಟು ಶಾಖ ಆ ತೆಳ್ಳನೆಯ ಒಡಲಿನಿಂದ ಹೊರಹೋಗುವುದೆಂತು? 40 ಡಿಗ್ರಿ ದಾಟುವ ನಮ್ಮ ಬಳ್ಳಾರಿಯ ಬೇಸಿಗೆಯನ್ನಂತೂ ಹೇಳುವುದೇ ಬೇಡ!

ಥಂಡರ್‌ಬೋಲ್ಟ್ ಕಿಂಡಿಯಿದ್ದರೆ ಹೊರಗಿನ ಪೆಟ್ಟಿಗೆಯೊಂದರಲ್ಲಿ ಕಾರ್ಡನ್ನಿಟ್ಟು ಜೋಡಿಸಬಹುದು. ಆದರೆ ಅವೆರಡರ ಬೆಲೆ ಕೂಡಿಸಿ ನೋಡಿದರೆ, ಬಿಡಿಭಾಗ ಬದಲಿಸಬಲ್ಲ ಸಾಮಾನ್ಯ ಡೆಸ್ಕ್‌ಟಾಪಿಗೆ ಆ ಹಣ ಸೇರುವುದೇ ಲೇಸು. ಸದ್ಯಕ್ಕೆ, ಒಂದೇ ರ‍್ಯಾಮ್ ಪಟ್ಟಿಯಿದ್ದು ಇನ್ನೊಂದಕ್ಕೆ ಎಡೆಯಿದ್ದರೆ ಅದನ್ನು ಹಾಕಿಸಿರಿ. ಒಳಗಿನ ಗ್ರಾಫಿಕ್ಸ್ ತುಸು ಚುರುಕಾಗುವುದು.