ನಿಮಗಿದು ಗೊತ್ತೆ? ಮುಂದಿನ ಆಕ್ಸಲ್ ಹಿಡಿಯುವ ರಾಡುಗಳು

ಲಚ್ಯಾಣ ಊರಿನ ಎರಿ ಹೊಲಕ್ಕೆ ಇಳಿಯುವ ಟ್ರ್ಯಾಕ್ಟರನ್ನು ಎದುರಿನಿಂದ ನೋಡಿ. ಒಂದು ಗಾಲಿ ಒಡ್ಡು ಹತ್ತಿದರೆ ಇನ್ನೊಂದು ತಗ್ಗಿಗಿಳಿಯುತ್ತದೆ. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ ಮೇಲೆ ತೂಗುತ್ತದೆ, ಸ್ಪ್ರಿಂಗೇ ಇಲ್ಲ.

ರಸ್ತೆಯಲ್ಲೂ ಓಡಬೇಕಾದ ಜೀಪಿಗೆ ಇಷ್ಟು ಸಾಲದು. ಹಳೆಯ ಜೀಪುಗಳಲ್ಲಿ ಭಾರ ಹೊರುವುದು, ಆಕ್ಸಲ್ ಹಿಡಿಯುವುದು ಎರಡೂ ಲೀಫ್ ಸ್ಪ್ರಿಂಗಿನ ಕೆಲಸ. ಕಾಯಿಲ್ ಸ್ಪ್ರಿಂಗ್ ಭಾರವನ್ನಷ್ಟೇ ಹೊರುತ್ತದೆ. ಆಕ್ಸಲ್ ಹಿಂದೆ-ಮುಂದೆ ಸರಿಯದಂತೆ, ತಿರುಚಿಕೊಳ್ಳದಂತೆ ಹಿಡಿಯಲು ಲಿಂಕ್ ಎಂಬ ರಾಡುಗಳು ಬೇಕು. ಅಡ್ಡಕ್ಕೆ ಜಾರದಂತೆ ಪ್ಯಾನ್‌ಹಾರ್ಡ್ ರಾಡು.

2023ರ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿಗೆ ಹಿಂದೆ, ಮುಂದೆ ಎರಡೂ ಕಡೆ ಇಂಥ ತ್ರೀ-ಲಿಂಕ್ ಗಟ್ಟಿ ಆಕ್ಸಲ್. 2020ರ ಮಹೀಂದ್ರ ಥಾರ್‌ಗೆ ಲಿಂಕ್ ಹಿಡಿದ ಗಟ್ಟಿ ಆಕ್ಸಲ್ ಹಿಂದೆ ಮಾತ್ರ. ಮುಂದಿನ ಗಾಲಿಗಳು ಬಿಡಿಬಿಡಿಯಾಗಿ ಏರಿಳಿಯುತ್ತವೆ.

ಹಳೆಯ ಜೀಪಿನ ಮುಂದಿನ ಆಕ್ಸಲ್‌ಗೆ ಗ್ಯಾರೇಜಿನಲ್ಲಿ ಹೊಸ ಲಿಂಕ್ ಕೂರಿಸುವವರಿಗೆ ನಿಜವಾದ ಕಗ್ಗಂಟು ಸ್ಟೀರಿಂಗಿನದು. ಪ್ಯಾನ್‌ಹಾರ್ಡ್ ರಾಡು ಮತ್ತು ಸ್ಟೀರಿಂಗಿನ ತಿರುವನ್ನು ಗಾಲಿಗೆ ಒಯ್ಯುವ ಡ್ರ್ಯಾಗ್ ಲಿಂಕ್ ಸಮಾನಾಂತರವಾಗಿ, ಹೆಚ್ಚುಕಡಿಮೆ ಒಂದೇ ಉದ್ದ ಇರಬೇಕು. ಇಲ್ಲದಿದ್ದರೆ ಗುಂಡಿ ಸಿಕ್ಕಾಗಲೆಲ್ಲ, ಚಾಲಕ ತಿರುಗಿಸದಿದ್ದರೂ, ಗಾಲಿ ತಾನೇ ತಿರುಗುತ್ತದೆ. ಮೇಲಿನ ಲಿಂಕಿನ ಉದ್ದ ಬದಲಾದರೆ ಕ್ಯಾಸ್ಟರ್ ಕೋನವೂ, ಅಂದರೆ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನವೂ, ಬದಲು. ಅದು ತೀರಾ ಕಡಿಮೆಯಾದರೆ ಹೆದ್ದಾರಿಯಲ್ಲಿ ಗಾಡಿ ನೇರ ಹಿಡಿಯುವುದಿಲ್ಲ. ಅದಕ್ಕೇ ಪಳಗಿದ ಮೆಕ್ಯಾನಿಕ್‌ಗಳು ಸ್ಪ್ರಿಂಗ್ ಬಿಚ್ಚಿಟ್ಟು, ಜಾಕ್‌ನಿಂದ ಆಕ್ಸಲನ್ನು ಪೂರ್ತಿ ಏರಿಸಿ ಇಳಿಸಿ, ಎಲ್ಲಿ ಏನು ತಾಗುತ್ತದೆಂದು ನೋಡಿಯೇ ಬ್ರಾಕೆಟ್‌ಗೆ ಕೊನೆಯ ವೆಲ್ಡಿಂಗ್ ಮಾಡುತ್ತಾರೆ.

ಆರ್‌ಟಿಒ ಮಾತೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡುಗಳಿಗೆ ಕಡಿವಾಣ ಹಾಕಿದೆ.