ಹಲ್ಲಿಗೆ ಗೊತ್ತು ಹುಟ್ಟೂರು

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಮಾತು ನಮಗೆಲ್ಲ ಗೊತ್ತು. ಸತ್ತು ಸುಮಾರು 13,200 ವರ್ಷ ಕಳೆದ ಒಂದು 'ಆನೆ' ತಾನು ಬೆಳೆದದ್ದೆಲ್ಲಿ, ತಿರುಗಿದ್ದೆಲ್ಲಿ ಎಂಬ ಲೆಕ್ಕವನ್ನು ಈಗ ಒಪ್ಪಿಸಿದೆ. ಅದೂ ಎಲ್ಲೋ ಸೈಬೀರಿಯಾದಲ್ಲಲ್ಲ. ಷಿಕಾಗೋದಿಂದ ಹೊರಟರೂ ಡೆಟ್ರಾಯಿಟ್‌ನಿಂದ ಹೊರಟರೂ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿಯಾದ ಇಂಡಿಯಾನಾದ ಫೋರ್ಟ್ ವೇನ್ ಬಳಿ.

1998ರಲ್ಲಿ ಅಲ್ಲಿನ ಬ್ಯೂಶಿಂಗ್ ಕುಟುಂಬದ ಜವುಗು ಜಮೀನಿನಲ್ಲಿ ಇದರ ಎಲುಬುಗಳು ಸಿಕ್ಕವು. ಆನೆ ಎಂದೆವಾದರೂ ಇದು ಮಾಸ್ಟೊಡಾನ್, ಆನೆಯ ದೂರದ ದಾಯಾದಿ, ವಂಶ ಅಳಿದುಹೋಗಿದೆ. ಎಂಟು ಟನ್ ತೂಗುತ್ತಿದ್ದ ಗಂಡು. ಮಿಷಿಗನ್ ವಿಶ್ವವಿದ್ಯಾಲಯದ ಡೇನಿಯಲ್ ಫಿಶರ್, ಸಿನ್ಸಿನಾಟಿ ವಿಶ್ವವಿದ್ಯಾಲಯದ ಜೋಷುವಾ ಮಿಲ್ಲರ್ ಮತ್ತು ಸಂಗಡಿಗರು ಇದರ ಒಂಬತ್ತೂವರೆ ಅಡಿಯ ಬಲದಂತವನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು.

ದಂತವೆಂದರೆ ಮೇಲ್ದವಡೆಯ ಬಾಚಿಹಲ್ಲೇ. ಆದರೆ ನಮ್ಮ ಹಲ್ಲಿನಂತೆ ಬೆಳೆದು ನಿಲ್ಲುವುದಿಲ್ಲ. ಸಾಯುವವರೆಗೂ ಬುಡದಲ್ಲಿ ಪದರ ಸೇರುತ್ತಲೇ ಇರುತ್ತದೆ. ಚುರುಮುರಿ ಮಾರುವವನು ಕಾಗದದ ಪೊಟ್ಟಣಗಳನ್ನು ಒಂದರೊಳಗೊಂದು ಸೇರಿಸಿಡುತ್ತಾನಲ್ಲ, ಹಾಗೆ. ತುದಿಯಲ್ಲಿ ಬಾಲ್ಯ, ಬುಡದಲ್ಲಿ ಕೊನೆಯ ದಿನಗಳು.

ಪ್ರತಿ ಪದರದಲ್ಲೂ ಆಗ ತಿಂದ ಸೊಪ್ಪಿನ, ಕುಡಿದ ನೀರಿನ ಗುರುತಿರುತ್ತದೆ. ಒಂದೇ ಧಾತುವಿನ ಹಗುರ ಮತ್ತು ಭಾರದ ರೂಪಗಳಿಗೆ ಐಸೋಟೋಪು ಎನ್ನುತ್ತೇವೆ. ಬಂಡೆಯೊಳಗಿನ ರುಬಿಡಿಯಂ-87 ಬಹು ನಿಧಾನವಾಗಿ ಸ್ಟ್ರಾನ್ಷಿಯಂ-87 ಆಗುತ್ತದೆ. ಆದ್ದರಿಂದ ಹಳೆಯ ಗ್ರಾನೈಟ್ ಸೀಮೆಯಲ್ಲಿ ಸ್ಟ್ರಾನ್ಷಿಯಂ-86ಕ್ಕೆ ಹೋಲಿಸಿದರೆ 87ರ ಪಾಲು ಹೆಚ್ಚು, ಸುಣ್ಣಕಲ್ಲಿನ ಸೀಮೆಯಲ್ಲಿ ಕಡಿಮೆ. ಈ ಅನುಪಾತ ಬಂಡೆಯಿಂದ ಮಣ್ಣಿಗೆ, ಮಣ್ಣಿನಿಂದ ಗಿಡಕ್ಕೆ, ಗಿಡದಿಂದ ಹಲ್ಲಿಗೆ ಬರುತ್ತದೆ. ಸ್ಟ್ರಾನ್ಷಿಯಂ ಜಾಗ ಹೇಳಿದರೆ ಆಮ್ಲಜನಕ ಕಾಲ ಹೇಳುತ್ತದೆ: ಬೇಸಿಗೆಯ ಮಳೆಯಲ್ಲಿ ಭಾರದ ಆಮ್ಲಜನಕ-18 ಹೆಚ್ಚು, ಚಳಿಗಾಲದ ಹಿಮದಲ್ಲಿ ಕಡಿಮೆ. ನಮ್ಮಂಥ ಸಾಫ್ಟ್‌ವೇರ್ ಮಂದಿಯ ಭಾಷೆಯಲ್ಲಿ ಇದು ಟೈಮ್‌ಸ್ಟ್ಯಾಂಪ್, ಲೊಕೇಶನ್ ಎರಡೂ ಇರುವ ಲಾಗ್ ಫೈಲ್. ಡಿಲೀಟ್ ಮಾಡುವ ಉಪಾಯ ಮಾತ್ರ ಇಲ್ಲ! ಒಂದೇ ಅನುಪಾತ ಹಲವು ಕಡೆ ಇರಬಹುದಾದ್ದರಿಂದ, ಪ್ರಾಣಿ ನಡೆದಿರಬಹುದಾದ ದಾರಿಗಳನ್ನು ಕಂಪ್ಯೂಟರಿನಲ್ಲಿ ನಕ್ಷೆಯ ಮೇಲೆ ಲೆಕ್ಕಹಾಕಿ ನೋಡಿದರು.

ಹದಿಹರೆಯದಲ್ಲಿ ಇದು ತಾಯಿಯ ಹಿಂಡಿನೊಡನೆ ಮನೆಯ ಆಸುಪಾಸಿನಲ್ಲೇ ಇತ್ತು. ಬಂಡೀಪುರದ ಗಂಡಾನೆಯಂತೆ ಹಿಂಡು ಬಿಟ್ಟ ಮೇಲೆ ತಿರುಗಾಟ ಹೆಚ್ಚಿ, ತಿಂಗಳಿಗೆ ಸುಮಾರು 20 ಮೈಲಿ ಅಲೆಯತೊಡಗಿತು. ಕೊನೆಯ ವರ್ಷಗಳಲ್ಲಿ ಬೇಸಿಗೆ ಬಂತೆಂದರೆ ತಪ್ಪದೆ ಈಶಾನ್ಯ ಇಂಡಿಯಾನಾಕ್ಕೆ ಪಯಣ. ಅದು ಜೊತೆಗಾತಿಯನ್ನು ಹುಡುಕುವ ತಾಣವಿರಬೇಕು. ಮದವೇರಿದ ಸಲಗಗಳ ಕಾಳಗ ನಮ್ಮ ಕಾಡಿನವರಿಗೆ ಹೊಸದಲ್ಲ. ಇಲ್ಲೂ ಎದುರಾಳಿಯ ದಂತದ ಮೊನೆ ತಲೆಬುರುಡೆಯ ಬಲಭಾಗಕ್ಕೆ ಚುಚ್ಚಿ, 34ನೇ ವಯಸ್ಸಿನಲ್ಲಿ, ತನ್ನ ನೆಲೆಯಿಂದ ಸುಮಾರು 100 ಮೈಲಿ ದೂರದಲ್ಲಿ ಸತ್ತಿತು. ಇದರ ಎಲುಬುಗಳು ಇಂಡಿಯಾನಾಪೊಲಿಸ್‌ನ ರಾಜ್ಯ ಸಂಗ್ರಹಾಲಯದಲ್ಲಿವೆ. ಡೆಟ್ರಾಯಿಟ್ ಕಡೆಯವರು ಆನ್ ಆರ್ಬರ್‌ನ ಸಂಗ್ರಹಾಲಯದಲ್ಲಿ ಅಚ್ಚಿನ ಪ್ರತಿಯನ್ನು ಮಕ್ಕಳಿಗೆ ತೋರಿಸಬಹುದು.

ಈಗ ನಮ್ಮ ವಿಷಯ. ಸಮಾರಂಭಗಳಲ್ಲಿ ಹಿರಿಯರು ಮಕ್ಕಳನ್ನು "ಯಾವೂರು ಮಗು?" ಎಂದರೆ ಅವು ನೇಪರ್‌ವಿಲ್ ಎನ್ನುತ್ತವೆ, ಟ್ರಾಯ್ ಎನ್ನುತ್ತವೆ. ನಾವು ಮೈಸೂರು, ಹಾಸನ ಎಂದು ತಿದ್ದುತ್ತೇವೆ. ಹಲ್ಲು ಮಾತ್ರ ಮಕ್ಕಳ ಪರವಾಗಿಯೇ ಸಾಕ್ಷಿ ನುಡಿಯುತ್ತದೆ! ಮೊದಲ ದವಡೆಹಲ್ಲಿನ ಎನಾಮೆಲ್ ಹುಟ್ಟಿನಿಂದ ಸುಮಾರು ಮೂರು ವರ್ಷದೊಳಗೆ ಮುಗಿಯುತ್ತದೆ, ಮತ್ತೆ ಬದಲಾಗದು. ಎಲುಬಾದರೋ ವರ್ಷಗಳು ಕಳೆದಂತೆ ಹೊಸದಾಗುತ್ತದೆ. ಎಂದರೆ ಇಪ್ಪತ್ತೈದಕ್ಕೆ ಬಂದ ನಮ್ಮ ಎಲುಬು ಈಗ ಬಹುಪಾಲು ಇಲ್ಲಿಯದು, ಹಲ್ಲು ಇನ್ನೂ ಊರಿನದೇ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅಂಥ ನೆಲದ ರಾಗಿ, ಸೊಪ್ಪು, ಬಾವಿನೀರಿನಲ್ಲಿ ಬೆಳೆದ ಹಲ್ಲನ್ನು ಇಲ್ಲಿಯವರ ಹಲ್ಲಿನ ಪಕ್ಕ ಇಟ್ಟರೆ ಪ್ರಯೋಗಾಲಯಕ್ಕೆ ವ್ಯತ್ಯಾಸ ಕಾಣಬಹುದು. ಎಲ್ಲಿಂದಲೋ ಬರುವ ಸೂಪರ್ ಮಾರ್ಕೆಟ್ ತರಕಾರಿ ಈ ಗುರುತನ್ನು ಮಸುಕು ಮಾಡುತ್ತದೆನ್ನಿ.

ಇನ್ನೊಂದು ಸಂಗತಿ. ಹಾಲುಹಲ್ಲಿನ ಎನಾಮೆಲ್ ತಾಯಿಯ ಗರ್ಭದಲ್ಲೇ ಶುರುವಾಗಿ ಹುಟ್ಟಿದ ಮೇಲೆ ಪೂರ್ತಿಯಾಗುತ್ತದೆ. ತುಂಬು ಬಸಿರಿಯಾಗಿ ವಿಮಾನ ಹತ್ತಿ ಬಂದ ತಾಯಂದಿರು ನಮ್ಮಲ್ಲೂ ಇದ್ದಾರೆ. ಅವರು ಡಬ್ಬಿಯಲ್ಲಿ ಜೋಪಾನವಾಗಿಟ್ಟ ಆ ಪುಟ್ಟ ಹಲ್ಲಿನಲ್ಲಿ ಒಳಪದರ ಕಾವೇರಿಯದು, ಹೊರಪದರ ಮಹಾಸರೋವರಗಳದು.